ಫೆಬ್ರವರಿಯಲ್ಲಿ ಡಾಂಬರು, ಏಪ್ರಿಲ್‌ನಲ್ಲಿ ಅಗೆತ: ನಗರಸಭೆಯನ್ನು ನಾವು ಕೇಳಬೇಕಾದದ್ದು ಏನು?

ಹೊಸಬಡಾವಣೆ ನಿವಾಸಿ

ನಮ್ಮದು ಮಲೆನಾಡಿನ ಅಂಚಿನಲ್ಲಿರುವ, ಜನಸಂಖ್ಯೆ ಇನ್ನೂ ಲಕ್ಷ ಮುಟ್ಟದ ಒಂದು ನಗರ. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಹೇಳಲಿರುವ ಸಂಗತಿಯನ್ನು ಕೇಳಿದರೆ ಬೇರೆ ಹತ್ತು ಊರಿನವರೂ ಇದು ತಮ್ಮದೇ ಬೀದಿಯ ಕಥೆ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಎಂಟು ವರ್ಷ ಕಾದ ಮೇಲೆ ಈ ಫೆಬ್ರವರಿಯಲ್ಲಿ ನಮ್ಮ ಬೀದಿಗೆ ಡಾಂಬರು ಬಿತ್ತು. ಉದ್ದ ಮುನ್ನೂರು ಮೀಟರ್ ಇದ್ದೀತು. ಗುದ್ದಲಿ ಪೂಜೆಗೆ ಬಂದವರ ಸಂಖ್ಯೆ ಆಮೇಲೆ ಕೆಲಸಕ್ಕೆ ಬಂದವರಿಗಿಂತ ಹೆಚ್ಚಿತ್ತು, ಅದಿರಲಿ. ಏಪ್ರಿಲ್ ಎರಡನೆಯ ವಾರ ಜೆಸಿಬಿ ಬಂದು, ಕುಡಿಯುವ ನೀರಿನ ಹೊಸ ಪೈಪಿಗಾಗಿ ಅದೇ ರಸ್ತೆಯ ಒಂದು ಮಗ್ಗುಲನ್ನು ಈ ತುದಿಯಿಂದ ಆ ತುದಿಯವರೆಗೆ ಸೀಳಿತು. ಅಗೆದ ಮಣ್ಣನ್ನೇ ಮೇಲೆ ಎಳೆದು ಹೋದರು. ಜೂನ್ ಮಳೆಗೆ ಆ ಸೀಳು ಕುಸಿದು ಕಾಲುವೆಯಾಯಿತು. ಜುಲೈ ಹೊತ್ತಿಗೆ ಅಗೆಯದೆ ಉಳಿದಿದ್ದ ಅರ್ಧವೂ ಎದ್ದು ಬಂತು. ಶಾಲೆಯ ಆಟೊಗಳು ಈಗ ನಮ್ಮ ಬೀದಿಗೆ ಬರುವುದಿಲ್ಲ, ಮಕ್ಕಳು ಮುಖ್ಯರಸ್ತೆಯವರೆಗೆ ನಡೆದೇ ಹೋಗಬೇಕು.

ಕಚೇರಿಯಲ್ಲಿ ವಿಚಾರಿಸಿದರೆ ರಸ್ತೆ ಮಾಡಿದವರು ತಾವು, ಅಗೆದವರು ತಾವಲ್ಲ ಎಂಬ ಉತ್ತರ ಸಿಕ್ಕಿತು. ಸಿಟ್ಟು ಮಾಡಿಕೊಂಡು ಇನ್ನೊಂದು ಮನವಿ ಬರೆಯುವ ಮೊದಲು, ನಗರಾಡಳಿತ ಬಲ್ಲವರು ಇಲ್ಲಿದ್ದರೆ ಅವರಿಂದ ಒಂದು ವಿಷಯ ತಿಳಿಯಬೇಕಾಗಿದೆ: ಇಂಥಲ್ಲಿ ಯಾರನ್ನು, ಏನೆಂದು ಕೇಳಬೇಕು?

ಪೇಟೆಬೀದಿಯವ

ಕೇಳುವುದೇನು ಬಂತು ಸ್ವಾಮಿ? ಡಾಂಬರಿನಲ್ಲಿ ಒಬ್ಬರ ಪಾಲು, ಅಗೆತದಲ್ಲಿ ಇನ್ನೊಬ್ಬರ ಪಾಲು, ಮುಚ್ಚುವುದರಲ್ಲಿ ಇಬ್ಬರದೂ. ಮೂವತ್ತು ವರ್ಷದಿಂದ ಅಂಗಡಿ ಇಟ್ಟುಕೊಂಡು ಇದನ್ನೇ ನೋಡುತ್ತಿದ್ದೇನೆ.

ನಿವೃತ್ತ ಅಭಿಯಂತರ

ಪೇಟೆಬೀದಿಯವರ ಮಾತನ್ನು ಪೂರ್ತಿ ಅಲ್ಲಗಳೆಯುವ ಧೈರ್ಯ ನನಗಿಲ್ಲ; ಮೂರು ಪುರಸಭೆ, ಎರಡು ನಗರಸಭೆಗಳಲ್ಲಿ ಕೆಲಸ ಮಾಡಿದ್ದೇನೆ. ಆದರೆ ಕಳ್ಳತನ ಎಂಬ ಒಂದೇ ಪದದಿಂದ ಎಲ್ಲವನ್ನೂ ವಿವರಿಸಿಬಿಟ್ಟರೆ, ಕಳ್ಳತನವೇ ಇಲ್ಲದ ಕಡೆಯೂ ರಸ್ತೆ ಯಾಕೆ ಹಾಳಾಗುತ್ತದೆ ಎಂಬುದು ಅರ್ಥವಾಗದೇ ಉಳಿಯುತ್ತದೆ.

ಡಾಂಬರಿನ ಶತ್ರು ನೀರು, ವಾಹನಗಳ ಭಾರ ಆಮೇಲಿನದು. ಜಲ್ಲಿಗೂ ಡಾಂಬರಿಗೂ ಇರುವ ಅಂಟನ್ನು ನಿಂತ ನೀರು ಬಿಡಿಸುತ್ತದೆ, ಮೇಲೆ ಚಕ್ರ ಹಾಯ್ದಾಗ ಬಿಟ್ಟ ಜಲ್ಲಿ ಹಾರಿಹೋಗುತ್ತದೆ, ಅಲ್ಲೊಂದು ಗುಂಡಿ ಹುಟ್ಟುತ್ತದೆ, ಗುಂಡಿಯಲ್ಲಿ ಮತ್ತೆ ನೀರು ನಿಲ್ಲುತ್ತದೆ. ಆದ್ದರಿಂದಲೇ ರಸ್ತೆಯ ನಡು ಉಬ್ಬಿ, ಎರಡೂ ಬದಿಗೆ ಮೀಟರಿಗೆ ಎರಡರಿಂದ ಎರಡೂವರೆ ಸೆಂಟಿಮೀಟರಿನಷ್ಟು ಇಳಿಜಾರು ಇರಬೇಕು ಮತ್ತು ಆ ಇಳಿಜಾರು ಚರಂಡಿಯಲ್ಲಿ ಕೊನೆಗೊಳ್ಳಬೇಕು. ನಮ್ಮ ಊರುಗಳಲ್ಲಿ ರಸ್ತೆಗೆ ಒಂದು ವರ್ಷ, ಒಂದು ಅನುದಾನದಿಂದ ಅಂದಾಜು ಪಟ್ಟಿ ಆಗುತ್ತದೆ. ಚರಂಡಿಗೆ ಇನ್ನೊಂದು ವರ್ಷ, ಇನ್ನೊಂದು ಅನುದಾನದಿಂದ. ಮಲೆನಾಡಿನ ಮಳೆ ಅಷ್ಟು ದಿನ ಕಾಯುವುದಿಲ್ಲ. ಇನ್ನು ಹಳೆಯ ಪದರವನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸದನ್ನು ಹಾಕುತ್ತ ಹೋದ ಬೀದಿಗಳನ್ನು ನೋಡಿ: ಒಮ್ಮೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗಳಿಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು, ಮಳೆ ಬಂದರೆ ಬೀದಿಯ ನೀರು ಅಂಗಳಕ್ಕೆ ಬರುತ್ತದೆ.

ಪೈಪಿನ ಅಗೆತದ ವಿಷಯ. ಅಗೆದ ಕಾಲುವೆಯನ್ನು ಒಂದೇ ಸಲಕ್ಕೆ ಮುಚ್ಚಬಾರದು. ಪೈಪಿನ ಸುತ್ತ ಮರಳು ಅಥವಾ ಕಲ್ಲಿಲ್ಲದ ನಯವಾದ ಮಣ್ಣು ತುಂಬಿ, ಅದರ ಮೇಲೆ ಗೇಣು ದಪ್ಪದ ಪದರಗಳಾಗಿ ಮಣ್ಣು ಹಾಕಿ, ಒಂದೊಂದು ಪದರಕ್ಕೂ ನೀರು ಹಾಯಿಸಿ ದಮ್ಮಸ್ಸು ಮಾಡಿ, ಕೊನೆಗೆ ಜಲ್ಲಿಯ ಪದರ ಹಾಕಿ ಡಾಂಬರು ಇಲ್ಲವೇ ಕಾಂಕ್ರೀಟು ಹಾಕಬೇಕು. ಇದು ನಿಧಾನದ ಕೆಲಸ, ಮೇಲಿನಿಂದ ನೋಡುವವರಿಗೆ ಕಾಣುವುದೂ ಇಲ್ಲ. ಗುತ್ತಿಗೆದಾರನಿಗೆ ಹಣ ಬರುವುದು ಹೂಳಿದ ಪೈಪಿನ ಉದ್ದದ ಲೆಕ್ಕದಲ್ಲಿ. ಹಾಗಾಗಿ ಅವನ ತಂಡ ಮುಂದಿನ ಬೀದಿಗೆ ಓಡುತ್ತದೆ. ಮುಚ್ಚುವ ಕೆಲಸ ಕೊನೆಗೆಂದು ಉಳಿಯುತ್ತದೆ, ಆ ಕೊನೆ ಎಂಬುದು ಮಳೆಗಾಲದೊಳಗೆ ಬರುವುದಿಲ್ಲ.

ನೀವು ಕೇಳಬೇಕಾದ ಕಾಗದಗಳು ಎರಡು ಜೊತೆ. ಮೊದಲನೆಯದು ರಸ್ತೆ ಕಾಮಗಾರಿಯ ಕಾರ್ಯಾದೇಶ ಮತ್ತು ಟೆಂಡರಿನ ಷರತ್ತುಗಳು. ಅದರಲ್ಲಿ ದೋಷ ಹೊಣೆಗಾರಿಕೆಯ ಅವಧಿ ಎಂದು ಒಂದು ಕಲಂ ಇರುತ್ತದೆ, ಆ ಅವಧಿಯೊಳಗೆ ಹಾಳಾದದ್ದನ್ನು ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು, ಅಲ್ಲಿಯವರೆಗೆ ಅವನ ಭದ್ರತಾ ಠೇವಣಿ ಕಚೇರಿಯಲ್ಲೇ ಇರುತ್ತದೆ. ಎರಡನೆಯದು ರಸ್ತೆ ಅಗೆಯಲು ಕೊಟ್ಟ ಅನುಮತಿ ಪತ್ರ. ಮರುಸ್ಥಾಪನೆಯ ಹೊಣೆ ಅಗೆದವರದೋ, ಅಥವಾ ಅವರು ನಗರಸಭೆಗೆ ಹಣ ಕಟ್ಟಿ ಕೈತೊಳೆದುಕೊಂಡಿದ್ದಾರೋ ಎಂಬುದು ಅದರಲ್ಲೇ ಇರುತ್ತದೆ. ನಿಮ್ಮ ಪ್ರಕರಣದಲ್ಲಿ ಮೊದಲನೆಯ ಗುತ್ತಿಗೆದಾರ ಇನ್ನೊಬ್ಬ ಅಗೆದದ್ದರಿಂದ ತನ್ನ ಹೊಣೆ ಮುಗಿಯಿತು ಎಂದು ವಾದಿಸುವುದು ಖಂಡಿತ. ಅದಕ್ಕೇ ಎರಡೂ ಕಾಗದ ಒಟ್ಟಿಗೆ ಕೈಯಲ್ಲಿರಬೇಕು.

ಮಾಜಿ ಸದಸ್ಯೆ

ನಾನು ಮಹಿಳಾ ಮೀಸಲು ವಾರ್ಡಿನಿಂದ 2018ರಲ್ಲಿ ಆಯ್ಕೆಯಾಗಿದ್ದವಳು; ಸದಸ್ಯರ ಕುರ್ಚಿಯ ಕಡೆಯಿಂದ ಇದು ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ.

ಆ ವರ್ಷ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ವ್ಯಾಜ್ಯಕ್ಕೆ ಸಿಲುಕಿದ್ದರಿಂದ, ಗೆದ್ದ ನಾವು ಕುರ್ಚಿಯಲ್ಲಿ ಕೂತದ್ದು 2020ರ ಕೊನೆಯ ತಿಂಗಳುಗಳಲ್ಲಿ. ಎರಡು ವರ್ಷ ನಾವು ಹೆಸರಿಗೆ ಸದಸ್ಯರು. ಜನ ಮನೆಗೆ ಬಂದು ನಲ್ಲಿ ನೀರು ಕೇಳುವಾಗ, ಸಭೆ ನಡೆಸುವ ಅಧಿಕಾರವೇ ನಮಗಿನ್ನೂ ಬಂದಿಲ್ಲವೆಂದು ವಿವರಿಸುವುದು ಎಷ್ಟು ಕಷ್ಟವಿತ್ತು ಎಂಬುದು ನಮಗೇ ಗೊತ್ತು. ಅಧ್ಯಕ್ಷರ ಅವಧಿ ಮೂವತ್ತು ತಿಂಗಳು. ಮೊದಲ ಅವಧಿ 2023ರ ಬೇಸಗೆಯಲ್ಲಿ ಮುಗಿಯಿತು, ಎರಡನೆಯ ಅವಧಿಯ ಮೀಸಲಾತಿ ಪ್ರಕಟವಾದದ್ದು 2024ರ ಆಗಸ್ಟಿನಲ್ಲಿ. ನಡುವೆ ಮತ್ತೆ ಆಡಳಿತಾಧಿಕಾರಿ. ಆಡಳಿತಾಧಿಕಾರಿಗಳು ಕೆಟ್ಟವರೆಂದು ಹೇಳುತ್ತಿಲ್ಲ. ಉಪವಿಭಾಗಾಧಿಕಾರಿಯಂಥ ದೊಡ್ಡ ಹುದ್ದೆಯ ಜೊತೆಗೆ ನಗರಸಭೆಯನ್ನೂ ನೋಡಿಕೊಳ್ಳುವವರು ಯಾವ ಬೀದಿಯ ಚರಂಡಿ ಯಾವ ಮೋರಿಗೆ ಸೇರುತ್ತದೆ ಎಂದು ತಿಳಿದಿರಲು ಸಾಧ್ಯವಿಲ್ಲ, ಅಷ್ಟೆ.

ಹಣದ ವಿಷಯಕ್ಕೆ ಬರೋಣ. ಬಜೆಟ್ ಪುಸ್ತಕದಲ್ಲಿ ಕೋಟಿಗಳನ್ನು ಕಂಡು ಜನ ನಮ್ಮನ್ನು ಪ್ರಶ್ನಿಸುತ್ತಾರೆ. ಆ ಕೋಟಿಗಳಿಗೆಲ್ಲ ಮೊದಲೇ ಮೂಗುದಾರ ಹಾಕಿರುತ್ತದೆ. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ಸಣ್ಣ ನಗರಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕಿತ್ತು. ಅದರಿಂದ ರಸ್ತೆ ಮಾಡುವಂತಿರಲಿಲ್ಲ. ನಗರಸಭೆಯ ಸ್ವಂತ ನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರ ಅಭಿವೃದ್ಧಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲು. ಇವೆಲ್ಲ ಇರಬೇಕಾದ್ದೇ, ಇಲ್ಲದಿದ್ದರೆ ಆ ಬೀದಿಗಳಿಗೆ ಇಂದಿಗೂ ದೀಪ ಬರುತ್ತಿರಲಿಲ್ಲ. ಸಂಬಳ, ವಿದ್ಯುತ್ ಬಿಲ್ಲು ಕಳೆದ ಮೇಲೆ ಸಾಮಾನ್ಯ ಸಭೆ ಮನಸ್ಸಿಟ್ಟು ನಿರ್ಧರಿಸಬಹುದಾದ ಹಣ ಬಜೆಟ್ಟಿನ ಒಂದು ಮೂಲೆಯಷ್ಟು.

ಆ ಮೂಲೆಯನ್ನು ನಾವು ಏನು ಮಾಡುತ್ತಿದ್ದೆವು ಎಂಬುದನ್ನೂ ಮುಚ್ಚಿಡುವುದಿಲ್ಲ. ವಾರ್ಡುಗಳಿಗೆ ಸಮನಾಗಿ ಹಂಚುತ್ತಿದ್ದೆವು. ಪ್ರತಿ ಸದಸ್ಯರಿಗೂ ಇಷ್ಟು ಲಕ್ಷ ಎಂದರೆ ಸಭೆ ಶಾಂತವಾಗಿ ಮುಗಿಯುತ್ತದೆ. ಆದರೆ ಚರಂಡಿಗೆ ವಾರ್ಡಿನ ಗಡಿ ಗೊತ್ತಿಲ್ಲ. ಮೇಲಿನ ವಾರ್ಡಿನವರು ತಮ್ಮ ಪಾಲಿನಲ್ಲಿ ಎಂಬತ್ತು ಮೀಟರ್ ಕಾಂಕ್ರೀಟ್ ಚರಂಡಿ ಕಟ್ಟಿ ಗಡಿಯಲ್ಲಿ ನಿಲ್ಲಿಸಿದರು, ಕೆಳಗಿನ ನನ್ನ ವಾರ್ಡಿನಲ್ಲಿ ಅದೇ ವರ್ಷ ಸಮುದಾಯ ಭವನಕ್ಕೆ ಕಾಂಪೌಂಡ್ ಆಯಿತು. ಮಳೆಗಾಲದಲ್ಲಿ ಅಷ್ಟೂ ನೀರು ನಮ್ಮ ಐದು ಮನೆಗಳೊಳಗೆ ನುಗ್ಗಿತು. ಆ ಕ್ರಿಯಾ ಯೋಜನೆಗೆ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಇಡೀ ಊರಿನ ಇಳಿಜಾರಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಈ ವರ್ಷ ಈ ಒಂದು ರಾಜಕಾಲುವೆ, ಮುಂದಿನ ವರ್ಷ ಇನ್ನೊಂದು ಎಂದು ಒಪ್ಪಿಕೊಂಡಿದ್ದರೆ ಅಷ್ಟೇ ಹಣದಲ್ಲಿ ಊರಿಗೆ ಹೆಚ್ಚು ಉಪಯೋಗವಾಗುತ್ತಿತ್ತು.

ಪೇಟೆಬೀದಿಯವ

ಒಪ್ಪಿಕೊಂಡಿರಲ್ಲ ಮೇಡಂ, ಅದಕ್ಕೆ ನಮಸ್ಕಾರ. ಆದರೆ ನಾನು ಪ್ರತಿ ಏಪ್ರಿಲ್‌ನಲ್ಲಿ ಶೇ 5 ರಿಯಾಯಿತಿ ಸಿಗುತ್ತದೆಂದು ಓಡಿಹೋಗಿ ಕಟ್ಟುವ ತೆರಿಗೆ ಎಲ್ಲಿಗೆ ಹೋಗುತ್ತದೆ?

ಮಾಜಿ ಸದಸ್ಯೆ

ನಿಮ್ಮ ರಸೀದಿಯನ್ನೇ ತೆಗೆದು ನೋಡಿ. ಆಸ್ತಿ ತೆರಿಗೆಯ ಕೆಳಗೆ ಉಪಕರಗಳ ಸಾಲು ಇರುತ್ತದೆ. ಅದರಲ್ಲಿ ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3 ಎಂದಿರುವುದು ನಗರಸಭೆ ವಸೂಲು ಮಾಡಿ ಬೇರೆಡೆಗೆ ದಾಟಿಸಬೇಕಾದ ಹಣ. ನಮ್ಮ ಖಾತೆಯಲ್ಲಿ ಉಳಿಯುವುದಲ್ಲ. ಉಳಿದ ತೆರಿಗೆಯಿಂದಲೇ ಬೀದಿದೀಪದ ಬಲ್ಬು, ನೀರಿನ ಪಂಪಿನ ದುರಸ್ತಿ, ಕಸದ ಗಾಡಿಯ ಡೀಸೆಲ್. ಊರಿನ ಅರ್ಧ ಅಂಗಡಿಗಳು ವಾಸದ ಮನೆಯ ದರದಲ್ಲೇ ತೆರಿಗೆ ಕಟ್ಟುತ್ತಿವೆ ಎಂಬುದು ಕಂದಾಯ ವಿಭಾಗಕ್ಕೂ ಗೊತ್ತು, ಸದಸ್ಯರಿಗೂ ಗೊತ್ತು. ತೆರಿಗೆ ಹೆಚ್ಚಿಸುವ ಠರಾವಿಗೆ ಕೈ ಎತ್ತಿದ ಸದಸ್ಯ ಮುಂದಿನ ಚುನಾವಣೆ ಗೆದ್ದದ್ದನ್ನು ನಾನು ನೋಡಿಲ್ಲ. ಹೀಗಾಗಿ ಎಲ್ಲರೂ ಬೆಂಗಳೂರಿನ ಅನುದಾನದ ಕಡೆ ಮುಖ ಮಾಡಿ ಕೂರುತ್ತೇವೆ, ಅನುದಾನ ಬಂದಾಗ ಅದರ ಷರತ್ತೂ ಜೊತೆಗೇ ಬರುತ್ತದೆ.

ಉಡುಪಿಯಿಂದ

ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ನಮ್ಮ ಊರಿನ ಉದಾಹರಣೆ ಉಪಯೋಗಕ್ಕೆ ಬರಬಹುದು. ಉಡುಪಿಯಲ್ಲಿ 35 ವಾರ್ಡುಗಳ ನಗರಸಭೆ ಇದೆ. ಆದರೆ ಊರಿನ ಅತಿ ಹೆಚ್ಚು ಓಡಾಟದ ರಸ್ತೆಗಳನ್ನು ಲೆಕ್ಕಕ್ಕೆ ಹಿಡಿಯಿರಿ: ಕರಾವಳಿ ಜಂಕ್ಷನ್ ಮೂಲಕ ಹೋಗುವುದು ರಾಷ್ಟ್ರೀಯ ಹೆದ್ದಾರಿ 66, ಮಲ್ಪೆಯಿಂದ ಊರನ್ನು ಹಾಯ್ದು ಮಣಿಪಾಲ, ಹೆಬ್ರಿ, ಆಗುಂಬೆ ದಾಟಿ ತೀರ್ಥಹಳ್ಳಿಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 169ಎ. ಕಲ್ಸಂಕದಲ್ಲಿ ವಾಹನಗಳ ಸಾಲು ನಿಂತಾಗ, ಮಣಿಪಾಲದ ಇಳಿಜಾರಿನಲ್ಲಿ ಗುಂಡಿ ಬಿದ್ದಾಗ ಜನ ಬಯ್ಯುವುದು ನಗರಸಭೆಯನ್ನು; ಆ ಡಾಂಬರಿನ ಮೇಲೆ ನಗರಸಭೆಗೆ ಅಧಿಕಾರವಿಲ್ಲ. ಇಂದ್ರಾಳಿಯ ರೈಲ್ವೆ ಸೇತುವೆಯ ಕೆಲಸ ವರ್ಷಗಟ್ಟಲೆ ಕುಂಟಿದಾಗ ಅದು ಹೆದ್ದಾರಿ ಇಲಾಖೆ ಮತ್ತು ರೈಲ್ವೆಯ ನಡುವಿನ ವಿಷಯವಾಗಿತ್ತು. ಅಲ್ಲಿ ದಿನವೂ ಬಸ್ಸಿನಲ್ಲಿ ಕಾಯುತ್ತಿದ್ದವರು ಮಾತ್ರ ನಗರದವರು.

ನೀರಿನ ವಿಷಯದಲ್ಲಿ ಇದಕ್ಕೆ ತಿರುಗುಮುರುಗು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ನಲ್ಲಿಗಳಿಗೆ ನೀರು ಬರುತ್ತದೆ. 2019ರ ಬೇಸಗೆಯಲ್ಲಿ ಬಜೆಯಲ್ಲಿ ನೀರು ತಳ ಕಂಡು, ವಾರ್ಡುಗಳಿಗೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿಯ ಮಳೆಗೆ ಊರಿನ ತಗ್ಗು ಪ್ರದೇಶಗಳಲ್ಲಿ ದೋಣಿ ತರಬೇಕಾಯಿತು. ನದಿಯ ಮೇಲುಗಡೆ ನೀರು ಎಷ್ಟು ಎತ್ತುತ್ತಾರೆ, ಗದ್ದೆ ಬೈಲುಗಳನ್ನು ಎತ್ತರಿಸಿ ಎಲ್ಲಿ ಕಟ್ಟಡ ಏಳುತ್ತದೆ ಎಂಬುದು ನಗರಸಭೆಯ ಗಡಿಯಾಚೆ ಅಥವಾ ಬೇರೆ ಪ್ರಾಧಿಕಾರದ ಕಡತದಲ್ಲಿ ತೀರ್ಮಾನವಾಗುತ್ತದೆ. ಬೇಸಗೆಯಲ್ಲಿ ಟ್ಯಾಂಕರ್, ಮಳೆಗಾಲದಲ್ಲಿ ದೋಣಿ ಕಳಿಸುವ ಗಡಿಬಿಡಿ ಮಾತ್ರ ಸ್ಥಳೀಯರದು. ಆದ್ದರಿಂದ ಮನವಿ ಬರೆಯುವ ಮೊದಲು ರಸ್ತೆ ಯಾರ ಸುಪರ್ದಿಯಲ್ಲಿದೆ ಎಂದು ಖಚಿತಮಾಡಿಕೊಳ್ಳಿ. ತಪ್ಪು ಮೇಜಿಗೆ ಹೋದ ಅರ್ಜಿ "ಸಂಬಂಧಪಟ್ಟವರಿಗೆ ಕಳುಹಿಸಲಾಗಿದೆ" ಎಂಬ ಸಾಲಿನೊಂದಿಗೆ ಸಾಯುತ್ತದೆ.

ವಕೀಲ, ತಾಲ್ಲೂಕು ನ್ಯಾಯಾಲಯ

ಉಡುಪಿಯವರು ಹೇಳಿದ್ದಕ್ಕೆ ಕಾನೂನಿನ ಬೇರು ಇದೆ. ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಅದು ಸೇರಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ 18 ವಿಷಯಗಳಿವೆ: ನಗರ ಯೋಜನೆ, ರಸ್ತೆ ಮತ್ತು ಸೇತುವೆ, ನೀರು ಸರಬರಾಜು, ಅಗ್ನಿಶಾಮಕ ಸೇವೆ, ಉದ್ಯಾನ, ಸ್ಮಶಾನ, ಬೀದಿದೀಪ, ಬಸ್ ನಿಲ್ದಾಣ, ಸಾರ್ವಜನಿಕ ಶೌಚಾಲಯ ಇತ್ಯಾದಿ. ಆದರೆ ಇವನ್ನು ನಗರಸಭೆಗೆ ಎಷ್ಟರ ಮಟ್ಟಿಗೆ ವಹಿಸಬೇಕೆಂಬುದನ್ನು ರಾಜ್ಯದ ಶಾಸಕಾಂಗದ ವಿವೇಚನೆಗೆ ಬಿಟ್ಟಿದೆ. ಪರಿಣಾಮವಾಗಿ ನಗರ ಯೋಜನೆ ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿ, ನೀರು ಮತ್ತು ಒಳಚರಂಡಿಯ ದೊಡ್ಡ ಕಾಮಗಾರಿಗಳು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಕೈಯಲ್ಲಿ, ಅಗ್ನಿಶಾಮಕ ದಳ ನೇರವಾಗಿ ರಾಜ್ಯದ ಕೈಯಲ್ಲಿ ಉಳಿದಿವೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ವಿಚಾರ ಇನ್ನೊಂದು. ಹಳ್ಳಿಯಲ್ಲಿ ಗ್ರಾಮಸಭೆ ಇದೆ. ಕಾಮಗಾರಿಯ ಪಟ್ಟಿಯನ್ನು ಜನರ ಮುಂದೆ ಓದಬೇಕು, ಯಾರಾದರೂ ಎದ್ದು ನಿಂತು ಪ್ರಶ್ನಿಸಬಹುದು. ನಗರಗಳಲ್ಲಿ ವಾರ್ಡ್ ಸಮಿತಿ ಕಡ್ಡಾಯವೆಂದು ಸಂವಿಧಾನ ಹೇಳಿರುವುದು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆ ಇರುವಲ್ಲಿ ಮಾತ್ರ. ಐವತ್ತು ಸಾವಿರದಿಂದ ಮೂರು ಲಕ್ಷದೊಳಗಿನ ನಗರಸಭೆಯ ನಾಗರಿಕನಿಗೆ ಅತ್ತ ಗ್ರಾಮಸಭೆಯೂ ಇಲ್ಲ, ಇತ್ತ ಅಂಥ ವಾರ್ಡ್ ಸಮಿತಿಯ ಖಾತರಿಯೂ ಇಲ್ಲ. ಗ್ರಾಮ ಪಂಚಾಯಿತಿಯನ್ನು ಪಟ್ಟಣ ಪಂಚಾಯಿತಿಯಾಗಿ ಮೇಲ್ದರ್ಜೆಗೇರಿಸಿದಾಗ ಪಟಾಕಿ ಹೊಡೆಯುವವರು, ಅದೇ ದಿನ ತಾವು ಗ್ರಾಮಸಭೆಯನ್ನೂ ಉದ್ಯೋಗ ಖಾತ್ರಿಯನ್ನೂ ಕಳೆದುಕೊಂಡೆವೆಂದು ಗಮನಿಸುವುದಿಲ್ಲ.

ಹೊಸಬಡಾವಣೆಯವರೇ, ನಿಮಗೆ ಸದ್ಯಕ್ಕೆ ಇರುವ ದಾರಿ ಮಾಹಿತಿ ಹಕ್ಕು ಅಧಿನಿಯಮ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಹೆಚ್ಚಿನವರು ಪ್ರತಿಗಳನ್ನು ಮಾತ್ರ ಕೇಳುತ್ತಾರೆ. ಆ ಕಾಯ್ದೆಯ 2ನೆಯ ಕಲಮಿನ ವ್ಯಾಖ್ಯೆಯಲ್ಲೇ ಕಾಮಗಾರಿಯನ್ನು ಪರಿಶೀಲಿಸುವ ಮತ್ತು ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ಸೇರಿದೆ. "ಏಕೆ ಹೀಗಾಯಿತು" ಎಂದು ಕೇಳಬೇಡಿ, ಅದಕ್ಕೆ ಉತ್ತರಿಸುವ ಹೊಣೆ ಅವರಿಗಿಲ್ಲ. "ಇಂಥ ಕಡತವನ್ನು ಪರಿಶೀಲನೆಗೆ ಕೊಡಿ" ಎಂದು ಕೇಳಿ.

ಸಂತೆ ಮೈದಾನದ ಎದುರು ಮನೆ

ರಸ್ತೆಯ ಮಾತಿನ ನಡುವೆ ಇದನ್ನೂ ಸೇರಿಸಲು ಅನುಮತಿ ಕೊಡಿ. ನಮ್ಮ ಊರಿನ ಸಂತೆಗೆ ಹಳ್ಳಿಗಳಿಂದ ಬರುವ ಹೆಂಗಸರು ಬೆಳಿಗ್ಗೆ ಐದಕ್ಕೆ ಸೊಪ್ಪು ಇಳಿಸಿ ಸಂಜೆ ಐದರವರೆಗೆ ಕೂರುತ್ತಾರೆ. ಮೈದಾನದ ಮೂಲೆಯಲ್ಲಿ ಟೈಲ್ಸ್ ಹಾಕಿದ ಚೆಂದದ ಶೌಚಾಲಯವಿದೆ, ಉದ್ಘಾಟನೆಯ ಫಲಕವೂ ಇದೆ, ಬಾಗಿಲಿಗೆ ಬೀಗವೂ ಇದೆ. ಕಟ್ಟುವುದಕ್ಕೆ ಅನುದಾನ ಬಂದಿತ್ತಂತೆ. ನೀರು ಬಿಡುವುದಕ್ಕೆ, ತೊಳೆಯುವವರಿಗೆ ಸಂಬಳ ಕೊಡುವುದಕ್ಕೆ ಯಾವ ಲೆಕ್ಕಶೀರ್ಷಿಕೆಯಲ್ಲೂ ಹಣವಿಲ್ಲವಂತೆ. ಆ ಹೆಂಗಸರು ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ. ನಾವು ನಾಲ್ಕು ಮನೆಯವರು ನಮ್ಮ ಹಿತ್ತಲ ಬಾಗಿಲನ್ನು ಸಂತೆಯ ದಿನ ತೆರೆದಿಡುತ್ತೇವೆ.

ಪಾದಚಾರಿ ಮಾರ್ಗ ತೆರವುಗೊಳಿಸಿ ಎಂದು ಮನವಿ ಬಂದಾಗ ಮೊದಲು ಎತ್ತಂಗಡಿಯಾಗುವುದೂ ಇವರೇ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳೇ ಇರಬೇಕು, ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸಬಾರದು. ಇಷ್ಟನ್ನು ನಾನು ತಿಳಿದುಕೊಂಡದ್ದು ಸೊಪ್ಪು ಮಾರುವ ಒಬ್ಬ ಅಜ್ಜಿಯಿಂದ; ಅವರ ಚೀಲದಲ್ಲಿ ಗುರುತಿನ ಚೀಟಿಯ ಜೊತೆ ಆ ಕಾಯ್ದೆಯ ಜೆರಾಕ್ಸ್ ಪ್ರತಿಯೂ ಇತ್ತು.

ಹೊಸಬಡಾವಣೆ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಎರಡು ತಿಂಗಳ ಮೇಲೆ ಮರಳಿ ಬರೆಯುತ್ತಿದ್ದೇನೆ.

ವಕೀಲರು ಹೇಳಿದಂತೆ ಕಡತ ಪರಿಶೀಲನೆಗೆ ಅರ್ಜಿ ಹಾಕಿದೆ. ಇಪ್ಪತ್ತೆರಡನೆಯ ದಿನ ಕರೆ ಬಂತು. ಗುಮಾಸ್ತರು ಸಜ್ಜನರು, ಕುರ್ಚಿ ಕೊಟ್ಟು ಕೂರಿಸಿದರು. ರಸ್ತೆಯ ಕಡತ ಅಭಿಯಂತರರ ಶಾಖೆಯಲ್ಲಿತ್ತು, ಕ್ರಮಬದ್ಧವಾಗಿಯೇ ಇತ್ತು: ಕ್ರಿಯಾ ಯೋಜನೆ, ಅನುಮೋದನೆ, ಟೆಂಡರು, ಕಾರ್ಯಾದೇಶ. ನೀರಿನ ಕಡತ ಇನ್ನೊಂದು ಶಾಖೆಯದು. ಅದರಲ್ಲಿ ಹಿಂದಿನ ನವೆಂಬರಿನಲ್ಲೇ ಬಂದ ಒಂದು ಪತ್ರವಿತ್ತು; ಪೈಪ್ ಹಾಕಲಿರುವ ಬೀದಿಗಳ ಪಟ್ಟಿ ಅದಕ್ಕೆ ಲಗತ್ತಾಗಿತ್ತು, ನಮ್ಮ ಬೀದಿ ಹನ್ನೊಂದನೆಯದು. ಅಂದರೆ ಡಾಂಬರು ಬೀಳುವ ಮೂರು ತಿಂಗಳ ಮೊದಲೇ ಅಗೆಯುವುದು ಕಚೇರಿಗೆ ಗೊತ್ತಿತ್ತು. ಆ ಎರಡು ಶಾಖೆಗಳ ಮೇಜುಗಳ ನಡುವೆ ಆರು ಅಡಿ ಅಂತರವೂ ಇಲ್ಲ. ಒಂದೇ ಫ್ಯಾನಿನ ಗಾಳಿ ಎರಡಕ್ಕೂ ಬೀಸುತ್ತದೆ. ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ಅನುದಾನ ವಾಪಸು ಹೋಗಬಹುದೆಂಬ ಭಯದಿಂದ ರಸ್ತೆ ಕೆಲಸವನ್ನು ಮೊದಲು ಮುಗಿಸಿದರೆಂದು ಅಲ್ಲಿದ್ದ ಕಿರಿಯ ಅಭಿಯಂತರರು ಸಂಕೋಚದಿಂದಲೇ ಹೇಳಿದರು. ಪೇಟೆಬೀದಿಯವರು ಹೇಳಿದ ಪಾಲುಗಾರಿಕೆ ಇತ್ತೋ ಇಲ್ಲವೋ ಕಡತ ಹೇಳುವುದಿಲ್ಲ. ಇದಿಷ್ಟು ನಡೆಯಲು ಅದರ ಅಗತ್ಯವಂತೂ ಇರಲಿಲ್ಲ.

ಅಗೆತದ ಅನುಮತಿ ಪತ್ರದಲ್ಲಿ, ರಸ್ತೆಯನ್ನು ಮೊದಲಿನ ಸ್ಥಿತಿಗೆ ತರುವ ಹೊಣೆ ಪೈಪಿನ ಗುತ್ತಿಗೆದಾರರದು, ನಗರಸಭೆಯಿಂದ ತೃಪ್ತಿಕರ ಎಂಬ ಪ್ರಮಾಣಪತ್ರ ಪಡೆದ ಮೇಲೆ ಕೊನೆಯ ಬಿಲ್ಲು ಎಂದು ಸ್ಪಷ್ಟವಾಗಿತ್ತು. ಆ ಪ್ರಮಾಣಪತ್ರಕ್ಕೆ ಇನ್ನೂ ಸಹಿ ಬಿದ್ದಿಲ್ಲ. ಬೀದಿಯ ಮೂವತ್ತೆರಡು ಮನೆಯವರು ಸಹಿ ಹಾಕಿ, ಆ ಪತ್ರದ ಕ್ರಮಾಂಕ ಮತ್ತು ದಿನಾಂಕ ನಮೂದಿಸಿ, ಕೆಲಸ ಮುಗಿದು ನಾವು ನೋಡುವವರೆಗೆ ಪ್ರಮಾಣಪತ್ರ ನೀಡಬಾರದೆಂದು ಪೌರಾಯುಕ್ತರಿಗೆ ಬರೆದೆವು. ಹಿಂದಿನ ನಾಲ್ಕು ಮನವಿಗಳಿಗೆ ಬಾರದ ಉತ್ತರ ಇದಕ್ಕೆ ಒಂಬತ್ತು ದಿನದಲ್ಲಿ ಬಂತು. ಮಳೆ ನಿಂತ ಮೇಲೆ, ನವೆಂಬರಿನ ಮೊದಲ ಪಕ್ಷದಲ್ಲಿ ಕೆಲಸ ಆರಂಭಿಸುವುದಾಗಿ ಲಿಖಿತವಾಗಿ ತಿಳಿಸಿದ್ದಾರೆ.

ನಿವೃತ್ತ ಅಭಿಯಂತರ

ಸಂತೋಷ. ಆದರೆ ಈಗಿರುವ ಕುಸಿದ ಮಣ್ಣಿನ ಮೇಲೆಯೇ ಜಲ್ಲಿ ಸುರಿದು ಡಾಂಬರು ಬಳಿಯಲು ಬಿಡಬೇಡಿ. ಸಡಿಲ ಮಣ್ಣನ್ನು ಪೈಪಿನ ಮೇಲ್ಮಟ್ಟದವರೆಗೆ ತೆಗೆಸಿ, ಪದರ ಪದರವಾಗಿ ದಮ್ಮಸ್ಸು ಮಾಡಿಸಿ. ಪೈಪಿನ ಒತ್ತಡ ಪರೀಕ್ಷೆ ಮುಗಿದಿದೆಯೇ ಎಂದು ಅದಕ್ಕೂ ಮೊದಲು ಕೇಳಿ, ಇಲ್ಲದಿದ್ದರೆ ಸೋರಿಕೆ ಹುಡುಕಲೆಂದು ಮತ್ತೆ ಅಗೆಯುತ್ತಾರೆ. ಮನೆ ಸಂಪರ್ಕದ ಕೊಳವೆಗಳನ್ನೂ ಈಗಲೇ ಅಡ್ಡ ದಾಟಿಸಿಕೊಳ್ಳಿ. ನೀರು ಹೋಗಲು ಚರಂಡಿಯ ಕಡೆಗೆ ಇಳಿಜಾರು ಕೊಡಿಸುವುದನ್ನು ಮರೆಯಬೇಡಿ.

ಕೆಲಸ ಶುರುವಾಗುವ ದಿನ ಗೊತ್ತಾದರೆ ಇಲ್ಲಿಯೇ ತಿಳಿಸಿ. ನಿಮ್ಮ ಊರು ಯಾವುದೆಂದು ಅಂದಾಜು ಮಾಡಿದ್ದೇನೆ, ನಮ್ಮಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಅಳತೆ ಟೇಪು ನನ್ನ ಬಳಿ ಇನ್ನೂ ಇದೆ.